ತಾಯಿಯ ಹೆಸರಿನಲ್ಲಿ ಆಸ್ಪತ್ರೆ ಕಟ್ಟಿಸಿದ ಆಟಗಾರ

ಆಟದಿಂದ ಹಣವು ಬರುವುದುಂಟು, ಹೆಸರೂ ಬರುವುದುಂಟು. ಆದರೆ ಮೈಯಲ್ಲಿನ ಕಸುವು ಇಳಿಯುತ್ತ ಬಂದ ಹಾಗೆಲ್ಲ ಆ ಹಣವೂ ಆ ಹೆಸರೂ ಕರಗಿಹೋಗುವುದನ್ನೇ ನಾವು ಸಾಮಾನ್ಯವಾಗಿ ನೋಡುತ್ತೇವೆ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಲೋಕವೆಲ್ಲ ಹೊಗಳಿದ ಆಟಗಾರನು ಐವತ್ತನೆಯ ವಯಸ್ಸಿನಲ್ಲಿ ಎಲ್ಲಿರುವನೆಂದು ಕೇಳುವವರೇ ಇರುವುದಿಲ್ಲ. ಹೀಗಿರುವಲ್ಲಿ, ತಮ್ಮ ದೇಹದ ಎತ್ತರದಿಂದಲೂ ತೋಳಿನ ಬಲದಿಂದಲೂ ಗಳಿಸಿದ ಸಂಪತ್ತನ್ನು ಒಂದು ನಗರದ ರೋಗಿಗಳಿಗೆ ಆಸರೆಯಾಗಿ ಮಾರ್ಪಡಿಸಿದ ಒಬ್ಬ ಆಟಗಾರರ ಚರಿತ್ರೆಯು ಗೃಹಸ್ಥರಾದ ನಮ್ಮ ವಾಚಕರಿಗೆ ಹಿತವಾದೀತೆಂದು ನಂಬಿ ಈ ಲೇಖನವನ್ನು ಬರೆಯುತ್ತಿದ್ದೇವೆ. ಅವರ ಹೆಸರು ಡಿಕೆಂಬೆ ಮುಟೊಂಬೊ. ಅವರು ಹುಟ್ಟಿದುದು ಆಫ್ರಿಕ ಖಂಡದ ಕಾಂಗೋ ದೇಶದಲ್ಲಿ. ಕೀರ್ತಿ ಪಡೆದುದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟದ ಕಣದಲ್ಲಿ.

ಜನನ ಮತ್ತು ಬಾಲ್ಯ

ಆಫ್ರಿಕದ ನಟ್ಟನಡುವೆ ಕಾಂಗೋ ಎಂಬ ಮಹಾನದಿಯು ಹರಿಯುತ್ತಿದೆ. ಅದರ ದಂಡೆಯ ಮೇಲಿರುವ ಕಿನ್ಷಾಸಾ ನಗರವು ಆ ದೇಶದ ರಾಜಧಾನಿ. ಬೆಲ್ಜಿಯಂ ದೇಶದವರ ಆಳಿಕೆಯು ೧೯೬೦ರಲ್ಲಿ ಕೊನೆಗೊಂಡ ಮೇಲೂ ಕೆಲವು ವರ್ಷಗಳ ಕಾಲ ಆ ಊರಿಗೆ ಬೆಲ್ಜಿಯಂ ದೊರೆಯೊಬ್ಬನ ನೆನಪಿನ ಲಿಯೊಪೋಲ್ಡ್‌ವಿಲ್ ಎಂಬ ಹೆಸರೇ ಉಳಿದಿತ್ತು. ಈಗಿನ ಹೆಸರು ಬಂದುದು ೧೯೬೬ರಲ್ಲಿ. ಅದೇ ವರ್ಷದ ಜೂನ್ ೨೫ರಂದು ಮುಟೊಂಬೊರವರು ಅಲ್ಲಿ ಜನಿಸಿದರು. ತಂದೆ ಸ್ಯಾಮ್ಯುಯೆಲ್ ಮುಟೊಂಬೊ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದು, ವಿದ್ಯಾ ಇಲಾಖೆಯಲ್ಲಿಯೂ ಕೆಲಸ ಮಾಡಿದವರು. ತಾಯಿ ಬಿಯಾಂಬ ಮಾರೀ. ಮನೆಯಲ್ಲಿ ಹತ್ತು ಮಂದಿ ಮಕ್ಕಳು. ಉಪಾಧ್ಯಾಯರ ಸಂಬಳದಲ್ಲಿ ಹತ್ತು ಮಕ್ಕಳನ್ನು ಸಾಕಿ ಓದಿಸುವ ತಾಯಿಯ ದುಡಿಮೆಯು ಎಷ್ಟೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬಾಲಕನು ಬೊಬೋಟೊ ಕಾಲೇಜೆಂಬ ವಿದ್ಯಾಲಯದಲ್ಲಿ ಓದಿದನು. ಮುಂದೆ ವೈದ್ಯನಾಗಬೇಕೆಂಬುದು ಅವನ ಆಸೆ. ಅಲ್ಲಿನ ಪಾಠಗಳು ಕಠಿನವಾದುದರಿಂದ ವೈದ್ಯವಿದ್ಯೆಗೆ ಒಳ್ಳೆಯ ತಳಹದಿಯಾಗುವುವೆಂದು ಆ ವಿದ್ಯಾಲಯವನ್ನು ಸೇರಿದುದು. ಆಟದಲ್ಲಿ ಅವನಿಗೆ ಮೊದಲು ಪ್ರಿಯವಾಗಿದ್ದುದು ಕಾಲ್ಚೆಂಡು. ಆದರೆ ಹುಡುಗನು ಬಿದಿರಿನ ಮೆಳೆಯಂತೆ ಬೆಳೆಯುತ್ತಲೇ ಇದ್ದನು. ಇಷ್ಟು ಎತ್ತರದವನು ಬ್ಯಾಸ್ಕೆಟ್‌ಬಾಲ್ ಆಡದಿದ್ದರೆ ಹೇಗೆಂದು ತಂದೆಯೂ ಅಣ್ಣನೂ ಒತ್ತಾಯಪಡಿಸಿದ ಮೇಲೆ, ಹದಿನಾರನೆಯ ವಯಸ್ಸಿನ ಸುಮಾರಿಗೆ ಅವನು ಆ ಕಡೆಗೆ ತಿರುಗಿದನು. ಕೊನೆಗೆ ಅವನ ಎತ್ತರವು ಏಳು ಅಡಿ ಎರಡು ಅಂಗುಲಕ್ಕೆ ಬಂದು ನಿಂತಿತು.

ಅಮೆರಿಕದ ಪ್ರಯಾಣ

೧೯೮೭ರಲ್ಲಿ, ತಮ್ಮ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಮುಟೊಂಬೊರವರು ಅಮೆರಿಕ ಸರ್ಕಾರದ ವಿದ್ಯಾರ್ಥಿವೇತನವನ್ನು ಪಡೆದು ವಾಷಿಂಗ್ಟನ್ ನಗರದ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಅವರು ಹೋದುದು ಆಟಕ್ಕಾಗಿ ಅಲ್ಲ, ವೈದ್ಯರಾಗುವುದಕ್ಕಾಗಿ ಎಂಬುದನ್ನು ಇಲ್ಲಿ ಲಕ್ಷ್ಯದಲ್ಲಿಡಬೇಕು. ಓದಿ ವೈದ್ಯನಾಗಿ ಊರಿಗೆ ಹಿಂದಿರುಗುವೆನೆಂಬುದು ಅವರ ಸಂಕಲ್ಪವಾಗಿತ್ತು.

ಮೊದಲ ವರ್ಷ ಭಾಷೆಯೇ ದೊಡ್ಡ ತೊಡಕಾಯಿತು. ತಾಯ್ನುಡಿಯಾದ ಚಿಲೂಬ, ಕಿನ್ಷಾಸಾದ ಬೀದಿಯಲ್ಲಿ ಕಲಿತ ಲಿಂಗಾಲ, ಶಾಲೆಯಲ್ಲಿ ಕಲಿತ ಫ್ರೆಂಚ್, ಇವುಗಳಲ್ಲಿ ಪಳಗಿದ ನಾಲಗೆಗೆ ಇಂಗ್ಲಿಷ್ ಸುಲಭವಾಗಿ ಒಗ್ಗಲಿಲ್ಲ. ವಿಶ್ವವಿದ್ಯಾನಿಲಯದ ತಂಡದಲ್ಲಿ ಆಡದೆ ಆ ವರ್ಷವನ್ನು ಮುಖ್ಯವಾಗಿ ಭಾಷೆಗೇ ಮೀಸಲಿಟ್ಟರು. ಅಲ್ಲಿ ಜಾನ್ ಥಾಂಪ್ಸನ್ ಎಂಬ ಪ್ರಸಿದ್ಧ ಶಿಕ್ಷಕರು ಬ್ಯಾಸ್ಕೆಟ್‌ಬಾಲ್ ಕಲಿಸುತ್ತಿದ್ದರು. ೧೯೮೪ರಲ್ಲಿ ಅಮೆರಿಕದ ಕಾಲೇಜುಗಳ ರಾಷ್ಟ್ರೀಯ ಪಂದ್ಯವನ್ನು ಗೆದ್ದ ತಂಡದ ಶಿಕ್ಷಕರು ಇವರೇ. ಕರಿಯ ಜನಾಂಗದ ಶಿಕ್ಷಕರೊಬ್ಬರಿಗೆ ಆ ಗೌರವವು ದೊರೆತುದು ಅದೇ ಮೊದಲು. ಈ ಎತ್ತರದ ವಿದ್ಯಾರ್ಥಿಯನ್ನು ಥಾಂಪ್ಸನ್‌ರವರು ತಂಡಕ್ಕೆ ಸೇರಿಸಿಕೊಂಡರು. ಆಡಿದ ಮೊದಲ ವರ್ಷದಲ್ಲಿಯೇ ಒಂದು ಪಂದ್ಯದಲ್ಲಿ ಎದುರಾಳಿಗಳ ಹನ್ನೆರಡು ಎಸೆತಗಳನ್ನು ಮುಟೊಂಬೊರವರು ತಡೆದುಹಾಕಿದಾಗ, ನೋಡುಗರು ಬೆರಗಾದರು.

ಆದರೆ ವೈದ್ಯವಿದ್ಯೆಯ ಪಾಠವೂ ಆಟದ ಅಭ್ಯಾಸವೂ ಒಟ್ಟಿಗೆ ಸಾಗದಾದುವು. ಒಂದನ್ನು ಬಿಡಲೇಬೇಕಾಯಿತು. ಬಾಲ್ಯದ ಆಸೆಯನ್ನು ಬಿಟ್ಟು, ಭಾಷಾಶಾಸ್ತ್ರವನ್ನೂ ರಾಜತಂತ್ರವನ್ನೂ ಆರಿಸಿಕೊಂಡು ೧೯೯೧ರಲ್ಲಿ ಪದವೀಧರರಾದರು. ಓದುತ್ತಿದ್ದಾಗಲೇ ಬೇಸಗೆಯ ರಜೆಗಳಲ್ಲಿ ಒಮ್ಮೆ ಅಮೆರಿಕದ ಶಾಸನಸಭೆಯಲ್ಲಿಯೂ ಒಮ್ಮೆ ವಿಶ್ವಬ್ಯಾಂಕಿನಲ್ಲಿಯೂ ಉಮೇದುವಾರರಾಗಿ ಕೆಲಸ ಕಲಿತರು. ಅವರಿಗೆ ಒಟ್ಟು ಒಂಬತ್ತು ಭಾಷೆಗಳು ಬರುತ್ತಿದ್ದುವು. ಆಟಗಾರನಿಗೆ ಓದು ಏತಕ್ಕೆಂದು ಕೇಳುವವರು ಈ ಸಂಗತಿಯನ್ನು ನೆನಪಿನಲ್ಲಿಡುವುದು ಒಳ್ಳೆಯದು. ಮುಂದೆ ಆಸ್ಪತ್ರೆಗಾಗಿ ದೊರೆತನದವರೊಡನೆಯೂ ಧನವಂತರೊಡನೆಯೂ ಮಾತನಾಡುವ ಪ್ರಸಂಗಗಳು ಬಂದಾಗ ಈ ವಿದ್ಯೆಯೇ ಅವರಿಗೆ ನೆರವಾಯಿತು.

ತಡೆಯುವ ವಿದ್ಯೆ

ಇಲ್ಲಿ ಆ ಆಟದ ವಿಷಯವಾಗಿ ಎರಡು ಮಾತು ಹೇಳುವುದು ಅವಶ್ಯಕ. ೧೮೯೧ರ ಡಿಸೆಂಬರ್ ತಿಂಗಳಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮದ ಉಪಾಧ್ಯಾಯರು, ಚಳಿಗಾಲದಲ್ಲಿ ಹೊರಗೆ ಆಡಲಾಗದ ವಿದ್ಯಾರ್ಥಿಗಳಿಗಾಗಿ ಈ ಆಟವನ್ನು ಕಲ್ಪಿಸಿದರು. ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಮೊಳೆ ಹೊಡೆದು ನಿಲ್ಲಿಸಿ, ಅವುಗಳೊಳಗೆ ಚೆಂಡನ್ನು ಹಾಕಿಸಿದುದರಿಂದ ಆಟಕ್ಕೆ ಆ ಹೆಸರು ಬಂದಿತು. ಈಗ ಬುಟ್ಟಿಯ ಬದಲು ಕಬ್ಬಿಣದ ಬಳೆಯೂ ಅದಕ್ಕೆ ಬಲೆಯೂ ಇವೆ. ಬಳೆಯು ನೆಲದಿಂದ ಹತ್ತು ಅಡಿ ಎತ್ತರ. ಒಂದೊಂದು ಕಡೆಗೆ ಐದೈದು ಮಂದಿ ಆಡುತ್ತಾರೆ.

ಚೆಂಡನ್ನು ಬಳೆಯೊಳಗೆ ಹಾಕುವವರನ್ನು ಜನರು ಹೊಗಳುತ್ತಾರೆ. ಹಾಕಗೊಡದೆ ತಡೆಯುವವನ ಕೆಲಸವು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಮುಟೊಂಬೊರವರ ವಿದ್ಯೆಯು ಈ ಎರಡನೆಯ ಬಗೆಯದು. ಎತ್ತರವಿದ್ದ ಮಾತ್ರಕ್ಕೆ ಅದು ಕೈಗೂಡುವುದಿಲ್ಲ. ಚೆಂಡು ಮೇಲಕ್ಕೆ ಏರುತ್ತಿರುವಾಗಲೇ ಅದನ್ನು ಹೊಡೆಯಬೇಕು. ಇಳಿಯತೊಡಗಿದ ಮೇಲೆ ಮುಟ್ಟಿದರೆ ಅದು ನಿಯಮಕ್ಕೆ ವಿರುದ್ಧವಾಗಿ, ಎದುರಾಳಿಗೆ ಅಂಕವು ಸಲ್ಲುತ್ತದೆ. ಎದುರಾಳಿಯ ಮೈಯನ್ನು ತಾಗಿದರೆ ಅದೂ ತಪ್ಪು. ಆದಕಾರಣ ಆತುರಪಡದೆ ಕಾದುನಿಂತು, ತಕ್ಕ ಗಳಿಗೆಯಲ್ಲಿ ನೆಗೆಯಬೇಕು. ಹೀಗೆ ಕಾಯುವ ತಾಳ್ಮೆ ಅವರಲ್ಲಿ ವಿಶೇಷವಾಗಿದ್ದಿತು.

೧೯೯೧ರಲ್ಲಿ ಡೆನ್ವರ್ ನಗರದ ನಗೆಟ್ಸ್ ತಂಡವು ಅವರನ್ನು ಆರಿಸಿಕೊಂಡಿತು. ಮೊದಲ ವರ್ಷವೇ ಅಮೆರಿಕದ ಆಯ್ದ ಆಟಗಾರರ ಪಂದ್ಯದಲ್ಲಿ ಅವರಿಗೆ ಸ್ಥಾನ ದೊರೆಯಿತು. ಒಟ್ಟಿನಲ್ಲಿ ಎಂಟು ಸಾರಿ ಆ ಗೌರವವು ಅವರಿಗೆ ಸಂದಿತು. ೧೯೯೪ರಲ್ಲಿ ನಡೆದ ಒಂದು ಪ್ರಸಂಗವನ್ನು ಆ ಆಟದ ಪ್ರಿಯರು ಈಗಲೂ ನೆನೆಯುತ್ತಾರೆ. ಆ ವರ್ಷ ಸಿಯಾಟಲ್ ತಂಡವು ೬೩ ಪಂದ್ಯಗಳನ್ನು ಗೆದ್ದು ಎಲ್ಲರಿಗಿಂತ ಮುಂದಿತ್ತು. ಡೆನ್ವರ್ ತಂಡವು ೪೨ನ್ನು ಮಾತ್ರ ಗೆದ್ದು ಎಂಟನೆಯ, ಎಂದರೆ ಕಡೆಯ, ಸ್ಥಾನದಿಂದ ಮುಂದಿನ ಸುತ್ತಿಗೆ ಬಂದಿತ್ತು. ಐದು ಪಂದ್ಯಗಳಲ್ಲಿ ಮೂರನ್ನು ಗೆಲ್ಲಬೇಕಾಗಿದ್ದ ಆ ಸುತ್ತಿನಲ್ಲಿ ಮೊದಲಿನ ಎರಡನ್ನೂ ಡೆನ್ವರ್ ಸೋತಿತು. ಕತೆ ಮುಗಿಯಿತೆಂದು ಎಲ್ಲರೂ ಎಣಿಸಿದ್ದಾಗ, ಮುಂದಿನ ಮೂರನ್ನೂ ಅದೇ ತಂಡವು ಗೆದ್ದಿತು. ಕೊನೆಯ ಪಂದ್ಯವು ನಿಯತ ಕಾಲದಲ್ಲಿ ಸಮನಾಗಿ, ಹೆಚ್ಚಿನ ಕಾಲವನ್ನು ಕೊಟ್ಟು ಆಡಿಸಬೇಕಾಯಿತು; ಡೆನ್ವರ್ ೯೮, ಸಿಯಾಟಲ್ ೯೪. ಆ ಐದು ಪಂದ್ಯಗಳಲ್ಲಿ ಮುಟೊಂಬೊರವರು ತಡೆದ ಎಸೆತಗಳು ೩೧. ಕೊನೆಯ ಗಂಟೆ ಬಾರಿಸಿದಾಗ ಅವರು ನೆಲದ ಮೇಲೆ ಮಲಗಿ, ಚೆಂಡನ್ನು ಎರಡು ಕೈಗಳಿಂದಲೂ ತಲೆಯ ಮೇಲೆ ಎತ್ತಿ ಹಿಡಿದು, ಎಳೆಯ ಮಗುವಿನಂತೆ ನಗುತ್ತಿದ್ದರು. ಕಡೆಯ ಸ್ಥಾನದವರು ಮೊದಲ ಸ್ಥಾನದವರನ್ನು ಹೀಗೆ ಸೋಲಿಸಿದುದು ಆ ಆಟದ ಚರಿತ್ರೆಯಲ್ಲಿ ಅದೇ ಮೊದಲು.

ಎಸೆತವನ್ನು ತಡೆದ ಕೂಡಲೆ ಅವರು ಬಲಗೈಯ ತೋರುಬೆರಳನ್ನು ಎತ್ತಿ, ಹಿರಿಯರು ತುಂಟ ಮಕ್ಕಳಿಗೆ ಆಡಿಸುವಂತೆ, ಆ ಕಡೆಗೂ ಈ ಕಡೆಗೂ ಆಡಿಸುತ್ತಿದ್ದರು. ಇದು ಜನರಿಗೆ ಬಹಳ ಪ್ರಿಯವಾಯಿತು. ಎದುರಾಳಿಯನ್ನು ಹಂಗಿಸಿದಂತಾಗುವುದೆಂದು ಆಟದ ಅಧಿಕಾರಿಗಳು ಅದಕ್ಕೆ ದಂಡ ವಿಧಿಸತೊಡಗಿದಾಗ, ಅವರು ಎದುರಾಳಿಯನ್ನು ಬಿಟ್ಟು ನೋಡುಗರ ಕಡೆಗೆ ತಿರುಗಿ ಬೆರಳಾಡಿಸತೊಡಗಿದರು!

೧೯೯೬ರಲ್ಲಿ ಅಟ್ಲಾಂಟ ತಂಡವನ್ನು ಸೇರಿದರು. ಐದು ವರ್ಷಕ್ಕೆ ಸುಮಾರು ಐದೂವರೆ ಕೋಟಿ ಡಾಲರುಗಳ ಒಪ್ಪಂದವಾಯಿತು. ಬಳಿಕ ಫಿಲಡೆಲ್ಫಿಯ, ನ್ಯೂಜೆರ್ಸಿ, ನ್ಯೂಯಾರ್ಕ್, ಹ್ಯೂಸ್ಟನ್ ತಂಡಗಳಲ್ಲಿ ಆಡಿದರು. ವರ್ಷದ ಅತ್ಯುತ್ತಮ ರಕ್ಷಕ ಆಟಗಾರನೆಂಬ ಬಿರುದನ್ನು ೧೯೯೫, ೧೯೯೭, ೧೯೯೮, ೨೦೦೧ನೆಯ ವರ್ಷಗಳಲ್ಲಿ, ಹೀಗೆ ನಾಲ್ಕು ಸಾರಿ ಪಡೆದರು. ಹದಿನೆಂಟು ವರ್ಷಗಳ ೧,೧೯೬ ಪಂದ್ಯಗಳಲ್ಲಿ ಅವರು ತಡೆದ ಎಸೆತಗಳ ಲೆಕ್ಕ ೩,೨೮೯. ಇವರಿಗಿಂತ ಹೆಚ್ಚು ತಡೆದವರು ಅವರ ಕಾಲದಲ್ಲಿ ಒಬ್ಬರೇ. ಅವರೂ ಆಫ್ರಿಕದವರೇ, ನೈಜೀರಿಯದ ಹಕೀಮ್ ಒಲಾಜುವನ್. ಇಷ್ಟಾದರೂ ಪ್ರಧಾನ ಪಂದ್ಯವನ್ನು ಗೆಲ್ಲುವ ಭಾಗ್ಯ ಮುಟೊಂಬೊರವರಿಗೆ ಒದಗಲಿಲ್ಲ. ೨೦೦೧ರಲ್ಲಿ ಫಿಲಡೆಲ್ಫಿಯದೊಂದಿಗೂ ೨೦೦೩ರಲ್ಲಿ ನ್ಯೂಜೆರ್ಸಿಯೊಂದಿಗೂ ಅಂತಿಮ ಸುತ್ತಿನವರೆಗೆ ಬಂದು, ಎರಡು ಸಾರಿಯೂ ಸೋತು ಹಿಂದಿರುಗಿದರು.

ತಾಯಿಯ ಮರಣ

ಈ ಕೀರ್ತಿಯ ನಡುವೆಯೇ ಅವರ ಬಾಳನ್ನು ತಿರುಗಿಸಿದ ದುಃಖವು ಬಂದೊದಗಿತು. ೧೯೯೦ರ ದಶಕದ ಕೊನೆಯ ಭಾಗದಲ್ಲಿ ಕಾಂಗೋ ದೇಶವು ಅಂತಃಕಲಹದಿಂದ ತಲ್ಲಣಿಸುತ್ತಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆಳಿದ ಮೊಬುಟು ೧೯೯೭ರಲ್ಲಿ ದೇಶವನ್ನು ಬಿಟ್ಟು ಓಡಿದನು. ಮರುವರ್ಷ ಮತ್ತೆ ಯುದ್ಧವು ಹೊತ್ತಿತು. ಇಂತಹ ದಿನಗಳಲ್ಲಿ ಕಿನ್ಷಾಸಾದಲ್ಲಿದ್ದ ತಾಯಿ ಬಿಯಾಂಬ ಮಾರೀಗೆ ಲಕ್ವ ಹೊಡೆಯಿತು. ಗಲಭೆಯ ಕಾರಣ ಬೀದಿಗಳನ್ನು ಮುಚ್ಚಿದ್ದರು. ಜನರು ಹೊರಗೆ ಹೊರಡುವಂತಿರಲಿಲ್ಲ. ಮನೆಯವರು ಆಕೆಯನ್ನು ಆಸ್ಪತ್ರೆಗೆ ಸಾಗಿಸಲಾರದೆ ಹೋದರು. ಆಕೆ ಮನೆಯಲ್ಲಿಯೇ ಕಣ್ಣುಮುಚ್ಚಿದರು.

ನಡುರಾತ್ರಿಯಲ್ಲಿ ಮನೆಯ ಹಿರಿಯರಿಗೆ ಕಾಯಿಲೆ ಉಲ್ಬಣಿಸಿ, ಗಾಡಿಗಾಗಿ ಬಾಗಿಲಿಂದ ಬಾಗಿಲಿಗೆ ಅಲೆದವರಿಗೆ ಈ ಸಂಕಟವು ಚೆನ್ನಾಗಿ ತಿಳಿದಿರುವುದು. ಮಗನ ಬಳಿ ಕೋಟಿಗಟ್ಟಲೆ ಹಣವಿದ್ದಿತು. ಲೋಕದ ಯಾವ ದೊಡ್ಡ ವೈದ್ಯರನ್ನಾದರೂ ಕರೆಯಿಸುವ ಶಕ್ತಿಯಿದ್ದಿತು. ಆದರೆ ತಾಯಿಗೂ ಆಸ್ಪತ್ರೆಗೂ ನಡುವಣ ಬೀದಿಯನ್ನು ತೆರೆಯಿಸುವ ಶಕ್ತಿ ಆ ಹಣಕ್ಕೆ ಇರಲಿಲ್ಲ. ವೈದ್ಯನಾಗುವೆನೆಂದು ಹೇಳಿ ಊರು ಬಿಟ್ಟು ಹೋಗಿದ್ದ ಮಗನಿಗೆ ಈ ಸುದ್ದಿಯು ಹೇಗೆ ತಾಗಿರಬೇಕೆಂಬುದನ್ನು ಊಹಿಸಿಕೊಳ್ಳಬಹುದು.

ತಾಯಿಗಿಂತ ಬಂಧುವಿಲ್ಲ, ಉಪ್ಪಿಗಿಂತ ರುಚಿಯಿಲ್ಲವೆಂದು ನಮ್ಮಲ್ಲಿ ಗಾದೆಯುಂಟು. ತಾಯಿಯ ಹೆಸರಿನಲ್ಲಿ ಒಂದು ಕಲ್ಲನ್ನು ನೆಡಿಸಿ, ಒಂದು ದಿನ ಬಡವರಿಗೆ ಊಟವಿಕ್ಕಿಸಿ ಸಮಾಧಾನ ಪಟ್ಟುಕೊಳ್ಳುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅದು ತಪ್ಪೂ ಅಲ್ಲ. ಆದರೆ ಮುಟೊಂಬೊರವರು ತಾಯಿಯ ಸಾವಿಗೆ ಕಾರಣವಾದ ಕೊರತೆಯನ್ನೇ ಹಿಡಿದುಕೊಂಡರು. ಬಡವರು ಒತ್ತಾಗಿ ವಾಸಿಸುವ ಕಡೆಯಲ್ಲಿ, ಅವರ ಮನೆಗಳ ಸಮೀಪದಲ್ಲಿಯೇ, ಆಸ್ಪತ್ರೆಯೊಂದು ಇರಬೇಕೆಂದು ನಿಶ್ಚಯಿಸಿದರು.

ಆಸ್ಪತ್ರೆಯ ಕಟ್ಟೋಣ

ತಮ್ಮ ದೇಶದ ಜನರ ಆರೋಗ್ಯಕ್ಕೂ ವಿದ್ಯೆಗೂ ನೆರವಾಗಲೆಂದು ೧೯೯೭ರಲ್ಲಿ ಅವರು ಒಂದು ಧರ್ಮಸಂಸ್ಥೆಯನ್ನು ಸ್ಥಾಪಿಸಿದ್ದರು. ಆ ಸಂಸ್ಥೆಯ ಮುಖ್ಯ ಕಾರ್ಯವೇ ಈ ಆಸ್ಪತ್ರೆಯಾಯಿತು. ಕಿನ್ಷಾಸಾದ ಹೊರವಲಯದಲ್ಲಿ ಮಸೀನ ಎಂಬ ಬಡವರ ಬಡಾವಣೆಯಿದೆ. ಅಲ್ಲಿ, ವಿಮಾನ ನಿಲ್ದಾಣಕ್ಕೆ ಸಮೀಪದಲ್ಲಿ, ಹನ್ನೆರಡು ಎಕರೆ ನೆಲವನ್ನು ಪಡೆದು ೨೦೦೧ರಲ್ಲಿ ಶಂಕುಸ್ಥಾಪನೆ ಮಾಡಿದರು.

ಆದರೆ ಶಂಕುಸ್ಥಾಪನೆಯಿಂದ ಗೋಡೆ ಏಳುವವರೆಗಿನ ದಾರಿಯು ಎಷ್ಟು ದೂರವೆಂಬುದು ಮನೆ ಕಟ್ಟಿಸಿದವರಿಗೆಲ್ಲ ಗೊತ್ತು. ಹಣವು ಕೂಡಿಬರಲು ತಡವಾಯಿತು. ನೆಲವು ಬರಿದಾಗಿ ಬಿದ್ದಿದ್ದುದರಿಂದ ಸರ್ಕಾರವು ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಾಯಿತು. ಯುದ್ಧಕ್ಕೆ ಹೆದರಿ ಊರು ಬಿಟ್ಟು ಬಂದ ನಿರಾಶ್ರಿತರು ಆ ನೆಲದಲ್ಲಿ ಬೆಳೆಯಿಡತೊಡಗಿದ್ದರು. ಅವರಿಗೆ ಹಣವನ್ನು ಕೊಟ್ಟು ನೆಲವನ್ನು ಬಿಡಿಸಿಕೊಳ್ಳಬೇಕಾಯಿತು. ಮತ್ತೆ ಕೆಲವರು, ಇಷ್ಟು ಹಣವನ್ನು ಸುರಿಯುವವನಿಗೆ ರಾಜ್ಯಾಧಿಕಾರದ ಆಸೆಯಿರಲೇಬೇಕೆಂದು ಸಂದೇಹಪಟ್ಟರು. ತನಗೆ ಅಂತಹ ಆಸೆ ಇಲ್ಲವೆಂದು ಅವರು ಮತ್ತೆ ಮತ್ತೆ ಹೇಳಿ ನಂಬಿಸಬೇಕಾಯಿತು. ಕಟ್ಟಡದ ಕೆಲಸವು ನಿಜವಾಗಿ ಆರಂಭವಾದುದು ೨೦೦೪ರಲ್ಲಿ.

೨೦೦೬ರ ಆಗಸ್ಟಿನಲ್ಲಿ, ಉಳಿದ ಕೆಲಸವು ಪೂರ್ಣವಾಗಲೆಂದು ಮುಟೊಂಬೊರವರು ತಮ್ಮ ಸ್ವಂತ ಹಣದಿಂದ ಒಂದೂವರೆ ಕೋಟಿ ಡಾಲರುಗಳನ್ನು ಕೊಟ್ಟರು. ಕಟ್ಟಡದ ಒಟ್ಟು ವೆಚ್ಚವು ಎರಡು ಕೋಟಿ ತೊಂಬತ್ತು ಲಕ್ಷ ಡಾಲರು. ಎಂದರೆ ಅರ್ಧಕ್ಕಿಂತ ಹೆಚ್ಚನ್ನು ಆ ಒಬ್ಬ ಆಟಗಾರರೇ ಹೊತ್ತಂತಾಯಿತು. ಸೆಪ್ಟೆಂಬರಿನಲ್ಲಿ ಆರಂಭೋತ್ಸವವು ನಡೆದು, ೨೦೦೭ರಿಂದ ರೋಗಿಗಳನ್ನು ಸೇರಿಸಿಕೊಳ್ಳತೊಡಗಿದರು. ಮುನ್ನೂರು ಹಾಸಿಗೆಗಳ ಆ ಆಸ್ಪತ್ರೆಗೆ ಬಿಯಾಂಬ ಮಾರೀ ಮುಟೊಂಬೊ ಆಸ್ಪತ್ರೆಯೆಂದು ಹೆಸರು. ಸುಮಾರು ನಲವತ್ತು ವರ್ಷಗಳಿಂದ ಅಂತಹ ಹೊಸ ಆಸ್ಪತ್ರೆಯೊಂದು ಆ ಪ್ರದೇಶದಲ್ಲಿ ಕಟ್ಟಲ್ಪಟ್ಟಿರಲಿಲ್ಲವೆಂದರೆ, ಅಲ್ಲಿಯ ಜನರ ಸ್ಥಿತಿಯು ಹೇಗಿದ್ದಿತೆಂಬುದು ತಿಳಿಯುವುದು. ಅವರ ಜೀವಿತಕಾಲದಲ್ಲಿಯೇ ಲಕ್ಷಗಟ್ಟಲೆ ರೋಗಿಗಳು ಅಲ್ಲಿ ಚಿಕಿತ್ಸೆ ಪಡೆದರು.

ಆ ವರ್ಷದ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಜಾರ್ಜ್ ಬುಷ್‌ರವರು ಶಾಸನಸಭೆಯ ಮುಂದೆ ಮಾಡಿದ ವಾರ್ಷಿಕ ಭಾಷಣದಲ್ಲಿ ಮುಟೊಂಬೊರವರ ಹೆಸರನ್ನೆತ್ತಿ ಹೊಗಳಿದರು. ಸಭೆಯಲ್ಲಿ ಅತಿಥಿಯಾಗಿ ಕುಳಿತಿದ್ದ ಅವರು ಎದ್ದು ನಿಂತಾಗ ಸಭಿಕರೆಲ್ಲರೂ ಕರತಾಡನ ಮಾಡಿದರು. ಹಿಂದೆ ವಿದ್ಯಾರ್ಥಿಯಾಗಿದ್ದಾಗ ಉಮೇದುವಾರಿ ಮಾಡಿದ ಶಾಸನಸಭೆಯೂ ಅದೇ.

ನಿವೃತ್ತಿ ಮತ್ತು ಕೊನೆಯ ದಿನಗಳು

ವಯಸ್ಸಾದರೂ ಅವರು ಆಟವನ್ನು ಬೇಗ ಬಿಡಲಿಲ್ಲ. ೨೦೦೮ರಲ್ಲಿ ಹ್ಯೂಸ್ಟನ್ ತಂಡದ ಚೀನೀ ಆಟಗಾರ ಯಾವೊ ಮಿಂಗ್ ಗಾಯಗೊಂಡಾಗ, ನಲವತ್ತೊಂದು ವರ್ಷದ ಮುಟೊಂಬೊರವರು ಅವರ ಸ್ಥಾನದಲ್ಲಿ ನಿಂತರು. ಆ ತಂಡವು ಆಗ ಒಂದೇ ಸಮನೆ ೨೨ ಪಂದ್ಯಗಳನ್ನು ಗೆದ್ದುದರಲ್ಲಿ ಅವರ ಪಾಲೂ ಇದ್ದಿತು. ೨೦೦೯ರ ಏಪ್ರಿಲ್ ೨೧ರಂದು ಪೋರ್ಟ್‌ಲೆಂಡ್ ತಂಡದೊಡನೆ ಆಡುತ್ತಿದ್ದಾಗ ಮೊಣಕಾಲಿಗೆ ಬಲವಾದ ಪೆಟ್ಟು ಬಿದ್ದಿತು. ತಮ್ಮ ಆಟವು ಇಲ್ಲಿಗೆ ಮುಗಿಯಿತೆಂದು ಅವರೇ ಹೇಳಿದರು. ಆಗ ಅವರಿಗೆ ನಲವತ್ತೆರಡು ವರ್ಷ.

ನಿವೃತ್ತರಾದ ಮೇಲೆ ಅವರು ಸುಮ್ಮನೆ ಕೂಡಲಿಲ್ಲ. ಬ್ಯಾಸ್ಕೆಟ್‌ಬಾಲ್ ಸಂಘದ ರಾಯಭಾರಿಯಾಗಿ ದೇಶದೇಶಗಳನ್ನು ಸುತ್ತಿ, ಆಫ್ರಿಕದ ಹುಡುಗರಿಗೆ ಆಟವನ್ನು ಪರಿಚಯ ಮಾಡಿಸುವ ಕೆಲಸದಲ್ಲಿ ತೊಡಗಿದರು. ೨೦೧೫ರಲ್ಲಿ, ಆ ಆಟವು ಹುಟ್ಟಿದ ಸ್ಪ್ರಿಂಗ್‌ಫೀಲ್ಡಿನ ಕೀರ್ತಿಮಂದಿರದಲ್ಲಿ ಅವರ ಹೆಸರನ್ನು ಸೇರಿಸಿದರು. ಅಟ್ಲಾಂಟ ಮತ್ತು ಡೆನ್ವರ್ ತಂಡಗಳು ಅವರ ಅಂಗಿಯ ಮೇಲಿದ್ದ ೫೫ನೆಯ ಅಂಕೆಯನ್ನು ಇನ್ನು ಯಾರಿಗೂ ಕೊಡಕೂಡದೆಂದು ತೀರ್ಮಾನಿಸಿದುವು. ತಂದೆಯನ್ನೂ ಅವರು ಮರೆಯಲಿಲ್ಲ. ಉಪಾಧ್ಯಾಯರಾಗಿದ್ದ ಆ ತಂದೆಯ ಹೆಸರಿನಲ್ಲಿ ಕಾಂಗೋ ದೇಶದ ಎಂಬುಜಿಮಾಯಿ ಎಂಬ ಊರಿನ ಬಳಿ ೨೦೨೧ರಲ್ಲಿ ಮಕ್ಕಳಿಗಾಗಿ ಶಾಲೆಯನ್ನು ತೆರೆದರು. ತಾಯಿಗೆ ಆಸ್ಪತ್ರೆ, ತಂದೆಗೆ ಶಾಲೆ! ಮನೆಯಲ್ಲಿಯೂ ಅವರ ನಡತೆಯು ಇದೇ ಬಗೆಯದು. ಪತ್ನಿಯ ಸೋದರರು ತೀರಿಕೊಂಡಾಗ, ತಬ್ಬಲಿಗಳಾದ ಅವರ ನಾಲ್ವರು ಮಕ್ಕಳನ್ನು ದತ್ತು ತೆಗೆದುಕೊಂಡು ತಮ್ಮ ಮಕ್ಕಳೊಡನೆ ಬೆಳೆಸಿದರು.

೨೦೨೨ರ ಅಕ್ಟೋಬರಿನಲ್ಲಿ ಅವರ ಮಿದುಳಿನಲ್ಲಿ ಗಡ್ಡೆಯಿದೆಯೆಂದೂ ಚಿಕಿತ್ಸೆ ನಡೆಯುತ್ತಿದೆಯೆಂದೂ ಪ್ರಕಟವಾಯಿತು. ಎರಡು ವರ್ಷಗಳ ಬಳಿಕ, ೨೦೨೪ರ ಸೆಪ್ಟೆಂಬರ್ ೩೦ರಂದು, ಅಟ್ಲಾಂಟದಲ್ಲಿ ತೀರಿಕೊಂಡರು. ಆಗ ಅವರಿಗೆ ಐವತ್ತೆಂಟು ವರ್ಷ.

ಯಂತ್ರದ ಏಣಿಯಲ್ಲಿ ಮಹಡಿಗೆ ಏರಿದವನು, ಕೆಳಗೆ ಕಾದಿರುವವರಿಗಾಗಿ ಅದನ್ನು ಹಿಂದಕ್ಕೆ ಕಳುಹಿಸಲು ಮರೆಯಬಾರದೆಂಬ ಮಾತನ್ನು ಮುಟೊಂಬೊರವರು ಆಗಾಗ ಹೇಳುತ್ತಿದ್ದರು. ನಮ್ಮಲ್ಲಿ ಎಲ್ಲರೂ ಏಳಡಿ ಎತ್ತರ ಬೆಳೆಯುವಂತಿಲ್ಲ. ಕೋಟಿ ಡಾಲರುಗಳನ್ನು ಗಳಿಸುವಂತೆಯೂ ಇಲ್ಲ. ಆದರೆ ತಾಯಿತಂದೆಯರನ್ನು ಕಳೆದುಕೊಂಡಾಗ, ಅವರು ಯಾವ ಕೊರತೆಯಿಂದ ಬಳಲಿದರೋ ಆ ಕೊರತೆಯು ನೆರೆಯವರ ಮನೆಯಲ್ಲಿ ಒದಗದಂತೆ ನಮ್ಮ ಕೈಲಾದಷ್ಟು ನೋಡಿಕೊಳ್ಳುವುದು ಎಲ್ಲರಿಂದಲೂ ಆಗುವ ಕೆಲಸ. ಕಣ್ಣು ಕಾಣದೆ ಕೊರಗಿದ ತಂದೆಯ ನೆನಪಿಗೆ ಒಬ್ಬ ಮುದುಕನ ಕಣ್ಣಿನ ಚಿಕಿತ್ಸೆಯನ್ನು ಮಾಡಿಸಬಹುದು. ಓದಬೇಕೆಂದು ಆಸೆಪಟ್ಟು ಓದಲಾರದೆ ಹೋದ ತಾಯಿಯ ನೆನಪಿಗೆ ಒಬ್ಬ ಹುಡುಗಿಯ ಪುಸ್ತಕದ ವೆಚ್ಚವನ್ನು ಹೊರಬಹುದು. ಮುಟೊಂಬೊರವರು ಕೊನೆಗೂ ವೈದ್ಯರಾಗಲಿಲ್ಲ. ಆದರೆ ಮಸೀನದಲ್ಲಿ ಈಗ ಒಬ್ಬ ತಾಯಿಗೆ ಕಾಯಿಲೆಯಾದರೆ, ಅವಳ ಮಕ್ಕಳು ಅವಳನ್ನು ಕರೆದೊಯ್ಯಲು ಹತ್ತಿರದಲ್ಲಿಯೇ ಒಂದು ಆಸ್ಪತ್ರೆಯಿದೆ.